ಟೂನಿಯ ಸಾಲು

ದುಲಾಲ ಗೋಸಾಯಿಯ ಶಿಷ್ಯ ನಿಬಾರಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ದಿನವಂತೂ ಅದು ನೆತ್ತಿಗೇರಿತ್ತು. ಪಟ್ಟಣದಿಂದ ಆಶ್ರಮದವರೆಗೆ ಎರಡು ಹರಿದಾರಿಯನ್ನು ಅವನು ಒಂದು ಗುಟುಕು ನೀರೂ ಕುಡಿಯದೆ ನಡೆದು ಬಂದಿದ್ದ.

ಆಶ್ರಮವೆಂದರೆ ನದಿಯ ದಡದಲ್ಲಿ ಒಂದು ಹುಲ್ಲಿನ ಗುಡಿಸಲು, ಒಂದು ಅಂಗಳ. ಗೋಸಾಯಿ ಅಂಗಳದಲ್ಲಿ ಕುಳಿತು ಹಳೆಯ ಕೌದಿಗೆ ತೇಪೆ ಹಾಕುತ್ತಿದ್ದ.

ಬಂಗಾಳದ ನದಿಗಳ ಮೇಲೆ ಅವನ ಪದ ಹಾಡದ ದೋಣಿ ಇರಲಿಲ್ಲ. ಮುನ್ನೂರು ಪದ ಕಟ್ಟಿದ್ದ, ಒಂದನ್ನೂ ಬರೆದಿಡಲಿಲ್ಲ. ಎರಡು ಚಳಿಗಾಲದ ಹಿಂದೆ ಕೆಮ್ಮು ಬಂದು ಅವನ ಹಾಡುವ ಕಂಠವೂ ಹೋಯಿತು. ಈಗ ಮುನ್ನೂರೂ ಪದಗಳು ಉಳಿದಿದ್ದದ್ದು ನಿಬಾರಣನ ನಾಲಿಗೆಯ ಮೇಲೆ.

"ಗುರುಗಳೇ, ನಿಮ್ಮನ್ನು ಹಾಡಹಗಲೇ ದೋಚಿದ್ದಾರೆ."

"ನನ್ನ ಹತ್ತಿರ ದೋಚುವುದಕ್ಕೆ ಏನಿದೆಯಪ್ಪಾ?"

"ಜಮೀನ್ದಾರರ ಸಭೆಯಲ್ಲಿ ಆ ಹಾಡುಗಾರ ಶಶಿಶೇಖರ ನಿಮ್ಮ ಪದ ಹಾಡಿದ. 'ಕದ ತೆರೆದಿಟ್ಟೇ ಮಲಗಿದ್ದೆ' ಎನ್ನುವ ಆ ಪದ. ಕೊನೆಯ ಸಾಲಿನಲ್ಲಿ ತನ್ನ ಹೆಸರು ಹಾಕಿಕೊಂಡ."

ಆ ನಾಡಿನಲ್ಲೂ ಪದ ಕಟ್ಟಿದವರು ಕೊನೆಯ ಸಾಲಿನಲ್ಲಿ ತಮ್ಮ ಹೆಸರು ಹೆಣೆಯುತ್ತಾರೆ. ನಾವು ಅಂಕಿತ ಎನ್ನುವುದನ್ನು ಅವರು ಭಣಿತೆ ಎನ್ನುತ್ತಾರೆ. ಗೋಸಾಯಿಯ ಪದದ ಕೊನೆ ಹೀಗಿತ್ತು: ದುಲಾಲ ಕೇಳುತಾನೆ, ಬಂದು ಹೋದವನೇ, ಹೆಜ್ಜೆಯ ಗುರುತಾದರೂ ಬಿಡಬಾರದಿತ್ತೇ?

ದುಲಾಲ ಎಂಬುದನ್ನು ಕಿತ್ತು ಶಶಿಶೇಖರ ಎಂದು ತುರುಕಿದ್ದ, ಆ ನಾಚಿಕೆಗೆಟ್ಟವನು. ಸಭೆ ತಲೆದೂಗಿತ್ತು. ಜಮೀನ್ದಾರ ಶಾಲು ಹೊದಿಸಿದ್ದ.

"ಹೇಗೆ ಹಾಡಿದ?" ಗೋಸಾಯಿ ಕೇಳಿದ.

"ಚೆನ್ನಾಗಿಯೇ ಹಾಡಿದ. ಅದಕ್ಕೇ ಹೊಟ್ಟೆ ಉರಿಯುತ್ತಿರುವುದು. ಏಳಿ, ಈಗಲೇ ಹೋಗೋಣ. ಇದು ನನ್ನ ಪದ ಎಂದು ನೀವು ಒಂದು ಮಾತು ಹೇಳಿದರೆ ಸಾಕು."

ಗೋಸಾಯಿ ಸೂಜಿ ಮತ್ತು ದಾರವನ್ನು ಅವನ ಕಡೆಗೆ ಚಾಚಿದ.

"ಇದನ್ನು ಪೋಣಿಸಿಕೊಡು. ಆಮೇಲೆ ಹೋಗೋಣ."

ನಿಬಾರಣ ಪ್ರಯತ್ನಿಸಿದ. ದಾರ ಸೂಜಿಯ ಕಣ್ಣಿನ ಆಚೆಗೊಮ್ಮೆ ಈಚೆಗೊಮ್ಮೆ ಹೋಯಿತು. ಎಂಟು ಸಲ ಆಯಿತು.

"ಮೊದಲು ಹೋಗಿ ಮುಖ ತೊಳೆದುಕೊಂಡು ಬಾ," ಎಂದ ಗೋಸಾಯಿ.

ನಿಬಾರಣ ಕಾಲು ಅಪ್ಪಳಿಸುತ್ತಾ ನದಿಯ ಮೆಟ್ಟಿಲಿಗೆ ಹೋದ.

ಅಲ್ಲಿ ಒಬ್ಬ ಬೆಸ್ತರ ಹೆಂಗಸು ಬಲೆಯ ಹರುಕು ಹೆಣೆಯುತ್ತಾ ಹಾಡಿಕೊಳ್ಳುತ್ತಿದ್ದಳು. ಅದೇ ಪದ. ಕೊನೆಯ ಸಾಲಿಗೆ ಬಂದಳು.

"ಟೂನಿ, ನನ್ನ ಟೂನಿ, ಹೆಜ್ಜೆಯ ಗುರುತಾದರೂ ಬಿಡಬಾರದಿತ್ತೇ?"

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಹಾಗಾಯಿತು.

"ನಿಲ್ಲಿಸಮ್ಮ," ಎಂದ ನಿಬಾರಣ. "ಯಾರ ಪದ ಎಂದುಕೊಂಡಿದ್ದೀಯ ಅದು? ಅಲ್ಲಿ ಇರಬೇಕಾದದ್ದು ಗೋಸಾಯಿಯವರ ಹೆಸರು. ಬಾಯಿಗೆ ಬಂದ ಹೆಸರು ಹಾಕುವುದಕ್ಕೆ ಅದೇನು ನಿಮ್ಮ ಬೀದಿಯ ಮಾತೇ?"

ಅವಳ ಕೈ ನಿಂತಿತು.

"ದೋಣಿಯವರ ಬಾಯಲ್ಲಿ ಕೇಳಿದ್ದು, ಬಾಬಾ. ಯಾರದೆಂದು ಗೊತ್ತಿರಲಿಲ್ಲ. ತಪ್ಪಾಯಿತು."

ಅವಳು ಬಲೆ ಸುತ್ತಿಕೊಂಡು ಹೊರಟುಹೋದಳು. ನಿಬಾರಣ ಮುಖ ತೊಳೆದ. ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು. ಹಿಂದಿರುಗಿ ಬಂದವನು ಒಂದೇ ಸಲಕ್ಕೆ ದಾರ ಪೋಣಿಸಿದ.

"ಶಶಿಶೇಖರ ಹಾಗಿರಲಿ," ಎಂದ. "ಇವತ್ತು ಒಬ್ಬಳನ್ನಾದರೂ ತಿದ್ದಿ ಬಂದೆ." ನಡೆದದ್ದನ್ನೆಲ್ಲ ಹೇಳಿದ.

ಗೋಸಾಯಿ ಎದ್ದು ನಿಂತ. ಮಡಿಲಲ್ಲಿದ್ದ ಕೌದಿ ಜಾರಿ ಧೂಳಿಗೆ ಬಿತ್ತು. ಹನ್ನೆರಡು ವರ್ಷಗಳಲ್ಲಿ ಗುರುವಿನ ಮುಖ ಹಾಗೆ ಕೆಂಪಾದದ್ದನ್ನು ನಿಬಾರಣ ನೋಡಿರಲಿಲ್ಲ.

"ಈಗ ಆ ಮೆಟ್ಟಿಲ ಮೇಲೆ ಯಾರು ಹಾಡುತ್ತಿದ್ದಾರೆ?"

"ಯಾರೂ ಇಲ್ಲ."

"ಟೂನಿ ಯಾರು?"

ನಿಬಾರಣನಿಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ಅವನಿಗೆ ಹೊಳೆದಿರಲಿಲ್ಲ.

"ಅವಳ ಮಗಳು," ಎಂದ ಗೋಸಾಯಿ. ಕೆಮ್ಮು ಬಂತು, ಕೆಮ್ಮಿನ ನಡುವೆಯೇ ಮಾತಾಡಿದ. "ಹೋದ ವರ್ಷದ ನೆರೆಯಲ್ಲಿ ಹೋಯಿತು. ಹೆಣವೂ ಸಿಗಲಿಲ್ಲ. ಆರು ತಿಂಗಳು ಆ ಹೆಂಗಸು ಬಾಯಿ ಬಿಡಲಿಲ್ಲ. ಹಾಡತೊಡಗಿ ಇನ್ನೂ ಒಂದು ತಿಂಗಳಾಗಿಲ್ಲ. ನೀನು ಊರೂರು ತಿರುಗುವಾಗ ನಾನು ದಿನಾ ಇಲ್ಲಿ ಕುಳಿತು ಕೇಳುತ್ತಿದ್ದೆ."

"ಗುರುಗಳೇ, ನಾನು ನಿಮ್ಮ ಹೆಸರಿಗಾಗಿ..."

"ಶಶಿಶೇಖರ ನನ್ನ ಹೆಸರು ಕದ್ದ. ಹಾಡು ಉಳಿದಿತ್ತು. ನೀನು ಹಾಡನ್ನೇ ಕದ್ದುಕೊಂಡು ಬಂದು ನನ್ನ ಮುಂದೆ ಜಂಬ ಕೊಚ್ಚುತ್ತಿದ್ದೀಯ. ಹೋಗು. ಅವಳು ಹಾಡುವವರೆಗೆ ಈ ಅಂಗಳ ತುಳಿಯಬೇಡ."

ನಿಬಾರಣ ಏಕತಾರಿ ಹಿಡಿದು ನದಿಯ ಮೆಟ್ಟಿಲಿಗೆ ಹೋದ. ಅವಮಾನದಿಂದ ಅವನ ಕಿವಿ ಸುಡುತ್ತಿತ್ತು. ಹನ್ನೆರಡು ವರ್ಷ ಸೇವೆ ಮಾಡಿದ್ದಕ್ಕೆ ಇದೇ ಫಲವೇ ಎಂದುಕೊಂಡ.

ಮರುದಿನ ಟೂನಿಯ ತಾಯಿ ಬಲೆ ಹಿಡಿದು ಅಲ್ಲಿಗೆ ಬಂದಳು. ನಿಬಾರಣ ಕೈಮುಗಿದ.

"ನನ್ನದು ತಪ್ಪಾಯಿತಮ್ಮ. ಹಾಡು."

"ದೊಡ್ಡವರ ಪದ, ಬಾಬಾ. ನಮ್ಮ ಬಾಯಲ್ಲಿ ಕೆಟ್ಟುಹೋಗುತ್ತದೆ."

ಅವನು ತಾನೇ ಹಾಡಿ ತೋರಿಸಿದ, ಗುರುವಿನ ಹೆಸರಿನೊಂದಿಗೆ, ಒಂದು ಸ್ವರವೂ ತಪ್ಪದಂತೆ.

"ಹೌದು, ಅದೇ ಸರಿ," ಎಂದಳು ಅವಳು. ಬಲೆ ಹೆಣೆದಳು. ಹಾಡಲಿಲ್ಲ.

ಅದರ ಮರುದಿನವೂ ಹಾಗೇ ಆಯಿತು. ಬಲೆಯ ನೂಲು ಎಳೆಯುವ ಸದ್ದು ಬಿಟ್ಟರೆ ಆ ಮೆಟ್ಟಿಲಲ್ಲಿ ಬೇರೆ ಸದ್ದಿರಲಿಲ್ಲ. ನಿಬಾರಣನಿಗೆ ಈಗ ಸಿಟ್ಟು ಬಂದದ್ದು ತನ್ನ ಮೇಲೆಯೇ. ಎಂಥ ಕೆಲಸ ಮಾಡಿದೆ ಎಂದು ತನ್ನನ್ನೇ ಬೈದುಕೊಂಡ.

ಮೂರನೆಯ ದಿನ ಅವನು ಕಣ್ಣು ಮುಚ್ಚಿ ಹಾಡಿದ. ಕೊನೆಯ ಸಾಲು ಬಂದಾಗ ನಾಲಿಗೆ ಹಟ ಹಿಡಿಯಿತು. ಹನ್ನೆರಡು ವರ್ಷ ಅಲ್ಲಿ ಒಂದೇ ಹೆಸರನ್ನು ನುಡಿದ ನಾಲಿಗೆ ಅದು. ಆದರೂ ಹಾಡಿದ.

"ಟೂನಿ, ನನ್ನ ಟೂನಿ..."

ನೂಲಿನ ಸದ್ದು ನಿಂತಿತು.

"ಹಾಗಲ್ಲ, ಬಾಬಾ," ಎಂದಳು ಟೂನಿಯ ತಾಯಿ.

ನಿಬಾರಣ ಕಣ್ಣು ಬಿಟ್ಟ.

"ಮೊದಲನೇ ಟೂನಿ ಆದಮೇಲೆ ಸ್ವಲ್ಪ ತಡೆಯಬೇಕು. ಕರೆದ ಕೂಡಲೇ ಬರುವ ಹುಡುಗಿ ಅಲ್ಲ ಅದು."

ಅವಳೇ ಹಾಡಿ ತೋರಿಸಿದಳು. ಟೂನಿ ಎಂದು ಕರೆದಳು, ನದಿಯ ಕಡೆ ನೋಡುತ್ತಾ ತಡೆದಳು, ಆಮೇಲೆ ನನ್ನ ಟೂನಿ ಎಂದಳು. ನಿಬಾರಣನಿಗೆ ಅಳು ತಡೆಯಲಾಗಲಿಲ್ಲ.

ಸಂಜೆ ಅವನು ಅಂಗಳದ ಅಂಚಿಗೆ ಬಂದು ಹೊರಗೇ ನಿಂತ.

"ಕೇಳಿಸಿತು. ಒಳಗೆ ಬಾ," ಎಂದ ಗೋಸಾಯಿ.

ನಿಬಾರಣ ಬಂದು ಕಾಲಿಗೆ ಬಿದ್ದ. ಆದರೆ ಎದೆಯಲ್ಲಿ ಇನ್ನೂ ಒಂದು ಮುಳ್ಳು ಉಳಿದಿತ್ತು.

"ಹಾಗಾದರೆ ಶಶಿಶೇಖರ ಮಾಡಿದ್ದೂ ಸರಿಯೇ, ಗುರುಗಳೇ?"

"ಅವನು ಕಳ್ಳ. ಕಳ್ಳನನ್ನು ಕಳ್ಳ ಎನ್ನದೆ ಮತ್ತೇನೆನ್ನಲಿ?"

"ಇಬ್ಬರೂ ನಿಮ್ಮ ಹೆಸರನ್ನೇ ತಾನೇ ತೆಗೆದದ್ದು?"

ಗೋಸಾಯಿ ಕೌದಿಯನ್ನು ಮಡಚಿ ಪಕ್ಕಕ್ಕಿಟ್ಟ. ಶಿಷ್ಯನನ್ನು ತಾನು ಕೂರುವ ಚಾಪೆಯ ಮೇಲೆ ಕೂರಿಸಿದ. ತಾನು ಎದುರಿಗೆ, ಬರಿ ನೆಲದ ಮೇಲೆ, ಕಲಿಯಲು ಬಂದವರು ಕೂರುವ ಜಾಗದಲ್ಲಿ ಕುಳಿತ.

"ಆ ಮೊದಲನೇ ಟೂನಿ ಆದಮೇಲೆ ಎಷ್ಟು ಹೊತ್ತು ತಡೆಯಬೇಕು," ಎಂದ, "ನನಗೆ ಹೇಳಿಕೊಡು."