ಮುಚ್ಚಳದ ಹಿಂದಿನ ದಾಳ

"ಗುರುಗಳೇ, ಪ್ರೀತಿಯಿಂದ ಸೋತುಕೊಟ್ಟರೆ ಅದು ತಪ್ಪಾಗುತ್ತದೆಯೇ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠದ ಕಿರಿಯ ಶಿಷ್ಯ. ಮರುದಿನ ಮಠದ ಅಂಗಳದಲ್ಲಿ ಗುರು ಶಿಷ್ಯರ ವಾದ ನಡೆಯುವುದಿತ್ತು. ವರ್ಷಕ್ಕೊಮ್ಮೆ ಊರವರೆಲ್ಲ ಬಂದು ಕೇಳುವ ವಾದ ಅದು. ಹೋದ ವರ್ಷ ಮರುಳಸಿದ್ಧ ಗುರುಗಳನ್ನೇ ಮಾತಿನಲ್ಲಿ ಕಟ್ಟಿಹಾಕಿ ಗೆದ್ದಿದ್ದ. ಆ ಸುದ್ದಿ ಎತ್ತಿದರೆ ಸಾಕು, ಇವತ್ತಿಗೂ ಅವನ ಮುಖ ಅರಳುತ್ತಿತ್ತು. ಈ ಸಲ ಅವನ ತಾಯಿ ಬರುವವರಿದ್ದರು.

"ಸುತ್ತಿ ಬಳಸಿ ಯಾಕೆ ಕೇಳುತ್ತೀ? ನಾಳೆ ನಾನು ಸೋಲಬೇಕು, ಅಷ್ಟೇ ತಾನೇ?" ಎಂದರು ಗುರುಗಳು.

"ಅವ್ವ ಒಂದು ಸಲ ಕಣ್ಣಾರೆ ನೋಡಲಿ ಎಂದು..."

ಗುರುಗಳು ಜೋರಾಗಿ ನಕ್ಕರು. ಚಾಪೆಯ ಮೇಲೆ ಅವನಿಗೂ ಜಾಗ ಬಿಟ್ಟರು. "ಕೂತುಕೋ. ಒಂದು ಗುಮ್ಮನ ಕತೆ ಇದೆ. ಅದನ್ನು ಕೇಳಿದ ಮೇಲೂ ನಾನು ಸೋಲಬೇಕು ಎಂದು ನೀನು ಹೇಳಿದರೆ, ನಾಳೆ ತಪ್ಪದೆ ಸೋಲುತ್ತೇನೆ."

ಹೀಗೆ ಮಾತು ಕೊಟ್ಟು ಅವರು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಭಾನುವಾರ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಹಾಕಿ, ಗೆಳೆಯರನ್ನು ಮೇಜಿನ ಸುತ್ತ ಕೂರಿಸಿ ಒಂದು ಆಟ ಆಡಿಸುತ್ತಿದ್ದ. ಅದು ಚೌಕಾಬಾರದಂಥ ಆಟವಲ್ಲ. ಮಾತಿನಲ್ಲೇ ಕಾಡು, ಮಾತಿನಲ್ಲೇ ಕೋಟೆ. ಆಡುವವರು ಒಬ್ಬೊಬ್ಬರೂ ಒಬ್ಬ ವೀರನಾಗಬೇಕು. ದಾರಿಯಲ್ಲಿ ಎದುರಾಗುವ ಗುಮ್ಮ, ರಾಕ್ಷಸ, ಘಟಸರ್ಪ ಎಲ್ಲವೂ ಫೋಟೋಗ್ರಾಫರನೇ. ಆದರೆ ಬರೀ "ಹೊಡೆದೆ" ಎಂದರೆ ಏಟು ಬೀಳುವುದಿಲ್ಲ. ಇಪ್ಪತ್ತು ಮುಖದ ದಾಳ ಉರುಳಬೇಕು. ಹೆಚ್ಚು ಬಿದ್ದರೆ ತಗಲಿತು, ಕಡಿಮೆ ಬಿದ್ದರೆ ತಪ್ಪಿತು. ವೀರನಿಗೂ ಅದೇ ನ್ಯಾಯ, ಗುಮ್ಮನಿಗೂ ಅದೇ ನ್ಯಾಯ.

ವ್ಯತ್ಯಾಸ ಒಂದೇ. ವೀರರ ದಾಳ ಎಲ್ಲರ ಕಣ್ಣೆದುರು ಉರುಳುತ್ತಿತ್ತು. ಗುಮ್ಮನ ದಾಳ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಸೀರೆ ಡಬ್ಬಿಯ ರಟ್ಟಿನ ಮುಚ್ಚಳದ ಹಿಂದೆ ಉರುಳುತ್ತಿತ್ತು. ಗುಮ್ಮನ ಗುಟ್ಟು ಗುಮ್ಮನಿಗೇ ಗೊತ್ತಿರಬೇಕು ಎಂಬುದು ಆ ಆಟದ ಪದ್ಧತಿ.

ಆಡುವವರಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ಔಷಧಿ ಅಂಗಡಿಯವನು, ಒಬ್ಬಳು ಬಟ್ಟೆ ಹೊಲಿಯುವವಳು. ಹೊಲಿಯುವವಳ ವೀರೆಯ ಹೆಸರು ಬೆಂಕಿಚೆನ್ನಿ. ಕೈಯಲ್ಲಿ ಬಿಲ್ಲು, ಬಾಯಲ್ಲಿ ಬೈಗುಳ. ಒಂದು ಭಾನುವಾರ ಉಳಿದ ವೀರರೆಲ್ಲ ಮೂರ್ಛೆ ಬಿದ್ದಿದ್ದಾಗ ಬೆಂಕಿಚೆನ್ನಿ ಒಬ್ಬಳೇ ನಿಂತು ಸೇತುವೆಯ ಗುಮ್ಮನನ್ನು ಕೊಂದಳು. ಅಂದಿನಿಂದ ರವಿಕೆ ಹೊಲಿಸಲು ಬಂದವರು ಆ ಕತೆ ಕೇಳದೆ ಅಳತೆ ಕೊಟ್ಟು ಹೋಗುವಂತಿರಲಿಲ್ಲ. ಇದು ನನ್ನದು ಎಂದು ಎದೆ ತಟ್ಟಿ ಹೇಳಿಕೊಳ್ಳಲು ಅವಳಿಗಿದ್ದ ಗೆಲುವು ಅದೊಂದೇ. ನಗಬೇಡ. ನಿನಗಿರುವುದೂ ಒಂದೇ.

ಫೋಟೋಗ್ರಾಫರ್ ಒಳ್ಳೆಯವನು. ಒಳ್ಳೆಯತನವೇ ಅವನಿಗೆ ಮುಳುವಾಯಿತು. ಬೆಂಕಿಚೆನ್ನಿ ಸತ್ತರೆ ಹೊಲಿಯುವ ಅಕ್ಕ ನೊಂದುಕೊಂಡಾಳು, ಮುಂದಿನ ವಾರ ಬಾರದೆ ಇದ್ದಾಳು ಎಂದು ಹೆದರಿದ. ಮುಚ್ಚಳದ ಹಿಂದೆ ದೊಡ್ಡ ಅಂಕಿ ಬಿದ್ದರೂ ಸಣ್ಣದನ್ನು ಹೇಳಲು ಕಲಿತ. ಅವಳೆದುರು ಬಂದ ಗುಮ್ಮಗಳೆಲ್ಲ ಹಲ್ಲು ಕಿತ್ತ ಹಾವುಗಳಾದವು. ಬುಸುಗುಟ್ಟುವುದಕ್ಕೇನೂ ಕಡಿಮೆ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಉಸಿರುನುಂಗಿ ಎಂಬ ಗುಮ್ಮ ಬಂತು. ಅದು ಬಾಯಿ ತೆರೆದು ಒಳಗೆಳೆದರೆ ಎದುರಿದ್ದವರ ಉಸಿರು ಅದರ ಹೊಟ್ಟೆ ಸೇರುತ್ತದೆ. ಕಂಡಕ್ಟರನ ವೀರ ಬಿದ್ದ. ಔಷಧಿ ಅಂಗಡಿಯವನ ವೀರನೂ ಬಿದ್ದ. ಬೆಂಕಿಚೆನ್ನಿ ಊರಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಉಸಿರುನುಂಗಿ ಬಾಯಿ ತೆರೆಯಿತು. ಮುಚ್ಚಳದ ಹಿಂದೆ ದಾಳ ಉರುಳಿತು.

"ಮೂರು. ತಪ್ಪಿತು," ಎಂದ ಫೋಟೋಗ್ರಾಫರ್.

ಹೊಲಿಯುವವಳು "ಹೋ!" ಎಂದು ಎರಡೂ ಕೈ ಎತ್ತಿದಳು. ಅದೇ ಹೊತ್ತಿಗೆ, ಬೆಳಿಗ್ಗೆ ಹೋಗಿದ್ದ ಕರೆಂಟು ಬಂತು. ತಲೆಯ ಮೇಲಿನ ಫ್ಯಾನು ತಿರುಗಿತು. ಅದರ ಗಾಳಿಗೆ ಮುಚ್ಚಳ ಮಗುಚಿ ಬಿತ್ತು. ದಾಳದ ಮೇಲೆ ಇದ್ದದ್ದು ಇಪ್ಪತ್ತು.

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಎದುರಿಗಿದ್ದ ಉಸಿರುನುಂಗಿಯ ಮಾತನ್ನು ಅವಳು ಎತ್ತಲೇ ಇಲ್ಲ.

"ಸೇತುವೆ ಗುಮ್ಮ?" ಎಂದಳು.

"ಅಕ್ಕಾ, ಅದು ನಿಮ್ದೇ. ದೇವರಾಣೆಗೂ ಅವತ್ತು ನಾನು ಏನೂ ಮಾಡ್ಲಿಲ್ಲ. ಬಿದ್ದಿದ್ದೇ ಹೇಳಿದ್ದು."

"ಈಗ ಅದನ್ನ ಹೆಂಗಪ್ಪಾ ನಂಬ್ಲಿ?"

ಅವನು ಹೇಳಿದ್ದು ನಿಜ. ಆದರೆ ನಿಜ ಹೇಳಿದರೂ ನಂಬಿಸುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಅವಳು ಆ ಮುಚ್ಚಳವನ್ನು ಎತ್ತಿ ಎರಡು ತುಂಡಾಗಿ ಹರಿದಳು. ದಾಳವನ್ನು ಮೇಜಿನ ನಡುಮಧ್ಯೆ ಇಟ್ಟಳು. "ಇಪ್ಪತ್ತು ಅಂದ್ರೆ ಇಪ್ಪತ್ತೇ. ಹೊಡೀಲಿ ಅದು. ಪಾಪ, ಗುಮ್ಮಂಗೂ ಒಂದು ಮಾನ ಇರುತ್ತೆ," ಎಂದಳು.

ಆಗ ಶುರುವಾಯಿತು ನೋಡು ಯುದ್ಧ!

ಮೊದಲು ಫೋಟೋಗ್ರಾಫರ್ ತಲೆ ತಗ್ಗಿಸಿಕೊಂಡೇ ಗುಮ್ಮನ ಏಟು ಹೇಳಿದ. ಇಪ್ಪತ್ತರ ಏಟಿಗೆ ಬೆಂಕಿಚೆನ್ನಿ ಮಂಡಿಯೂರಿದಳು. ಮಂಡಿಯೂರಿಯೇ ಬಾಣ ಬಿಟ್ಟಳು. ಹದಿನೆಂಟು! ಉಸಿರುನುಂಗಿಯ ಒಂದು ಕಣ್ಣು ಹೋಯಿತು. ಅದು ಕೂಗಿದ ಕೂಗಿಗೆ ಫೋಟೋಗ್ರಾಫರನ ಅಳುಕು ಹಾರಿಹೋಯಿತು. ಕೂಗಿದವನು ಅವನೇ ತಾನೇ! ಎಷ್ಟೋ ದಿನಗಳ ಮೇಲೆ ಅವನ ಗುಮ್ಮನಿಗೆ ಹಲ್ಲು ಬಂದಿತ್ತು. ಅವನು ಎದ್ದು ನಿಂತ. ಅವಳೂ ಎದ್ದಳು. ಕಂಡಕ್ಟರ್ ಸ್ಟೂಲು ಹತ್ತಿ ಸೀಟಿ ಊದಿದ. ಔಷಧಿ ಅಂಗಡಿಯವನು ಚಹದ ಲೋಟದಲ್ಲಿ ಬಿಸ್ಕತ್ತು ಅದ್ದಿದವನು ತೆಗೆಯುವುದನ್ನೇ ಮರೆತ. ದಾಳ ಉರುಳಿದಾಗಲೆಲ್ಲ ಎಲ್ಲರ ಜೀವವೂ ಅದರ ಜೊತೆ ಉರುಳುತ್ತಿತ್ತು. ಇನ್ನೊಂದು ಏಟು ಬಿದ್ದರೆ ಗುಮ್ಮ ಸಾಯುತ್ತದೆ. ಇನ್ನೊಂದು ಏಟು ಬಿದ್ದರೆ ಬೆಂಕಿಚೆನ್ನಿಯೂ ಸಾಯುತ್ತಾಳೆ. ಅವಳು ದಾಳಕ್ಕೆ ಮುತ್ತು ಕೊಟ್ಟು ಎಸೆದಳು. ಐದು. ಬಾಣ ತಪ್ಪಿತು. ಗುಮ್ಮ ಎಸೆಯಿತು. ಎಲ್ಲರೂ ಬಗ್ಗಿ ನೋಡಿದರು. ಹದಿನೇಳು.

ಬೆಂಕಿಚೆನ್ನಿ ಸತ್ತಳು.

ಇಷ್ಟು ಹೇಳುವ ಹೊತ್ತಿಗೆ ಗುರುಗಳು ತಾವೇ ಎದ್ದು ನಿಂತಿದ್ದರು. ಹೆಗಲ ಮೇಲಿನ ವಸ್ತ್ರ ನೆಲಕ್ಕೆ ಬಿದ್ದದ್ದು ಅವರಿಗೆ ಗೊತ್ತಾಗಿರಲಿಲ್ಲ. ಮರುಳಸಿದ್ಧನೂ ಉಸಿರು ಬಿಗಿಹಿಡಿದು ಮುಂದಕ್ಕೆ ಜರುಗಿ ಕೂತಿದ್ದ.

"ಅವಳು ಅತ್ತಳೇ?" ಎಂದು ಕೇಳಿದ.

"ಅಳದೆ ಇರುತ್ತಾಳೆಯೇ? ಅತ್ತಳು. ಅಳುತ್ತಲೇ ಮೇಜು ಗುದ್ದಿ ನಕ್ಕಳು. 'ಅಬ್ಬಬ್ಬಾ, ಏನು ಗುಮ್ಮಾನಪ್ಪಾ ಇದು! ಮುಂದಿನ ವಾರ ಹೊಸ ವೀರೇನ ಕರ್ಕೊಂಡು ಬರ್ತೀನಿ. ಅಲ್ಲೀವರೆಗೆ ಇದನ್ನ ಇಷ್ಟೇ ಗಟ್ಟಿಯಾಗಿ ಇಟ್ಟಿರು,' ಎಂದಳು. ಮಾರನೆಯ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ತಾನು ಸೋತ ಕತೆ ಹೇಳಿದಳು. ಆ ಕತೆಯೂ ಚೆನ್ನಾಗಿತ್ತು."

ಗುರುಗಳು ವಸ್ತ್ರವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕೂತರು. "ಸೇತುವೆಯ ಕತೆಯನ್ನು ಮಾತ್ರ ಅವಳು ಮತ್ತೆ ಯಾರಿಗೂ ಹೇಳಲಿಲ್ಲ," ಎಂದರು.

"ಯಾಕೆ ಗುರುಗಳೇ? ಅದನ್ನು ಅವಳು ನಿಜವಾಗಿಯೂ ಗೆದ್ದಿದ್ದಳಲ್ಲ!"

"ಅಪ್ಪಟ ನಿಜವಾಗಿ ಗೆದ್ದಿದ್ದಳು."

"ಹಾಗಾದರೆ ಇದು ದೊಡ್ಡ ಅನ್ಯಾಯ," ಎಂದ ಮರುಳಸಿದ್ಧ. ಅವನಿಗೆ ಸಿಟ್ಟು ಬಂದಿತ್ತು. "ಗೆದ್ದವಳ ಗೆಲುವನ್ನೇ ಅವನು ಕಸಿದುಕೊಂಡ."

ಗುರುಗಳು ತಲೆಯಾಡಿಸಿದರು. ಆಮೇಲೆ ಅವನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು:

"ನಾಳೆ ನಾನು ಸೋತುಕೊಟ್ಟರೆ, ಹೋದ ವರ್ಷದ ನಿನ್ನ ಗೆಲುವನ್ನು ಏನು ಮಾಡುತ್ತೀ?"