ರೌಟರಿನ ಖಾನೆಗೆ ಬಂದ ಮೋಡೆಮ್

ಒಂದು ಕಾಲೇಜಿನ ಕಚೇರಿಯಲ್ಲಿ ರೌಟರ್ ಒಂದಿತ್ತು. ರೌಟರ್ ಎಂದರೆ ಕಂಪ್ಯೂಟರುಗಳ ಮಾತನ್ನು ಹೊರಗಿನ ಊರುಗಳಿಗೆ ಸಾಗಿಸುವ ಪೆಟ್ಟಿಗೆ. ಅದರ ಖಾಲಿ ಖಾನೆಯಲ್ಲಿ ಹೊಸದಾಗಿ ಮೋಡೆಮ್ ಕೂರಿಸಿದ್ದರು. ದೊಡ್ಡ ಕೇಬಲ್ ಕೈಕೊಟ್ಟರೆ ಕಚೇರಿಯ ಟೆಲಿಫೋನ್ ತಂತಿಯಲ್ಲೇ ಡಯಲ್ ಮಾಡಿ ಕೆಲಸ ನಡೆಸುವುದು ಅದರ ಹೊಣೆ. ಆಗ ಆ ತಂತಿಯಲ್ಲಿ ಬೇರೆ ಯಾರೂ ಮಾತಾಡಬಾರದು.

ಒಂದು ಮಧ್ಯಾಹ್ನ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದರು. ಸಂಜೆಯೊಳಗೆ ವಿದ್ಯಾರ್ಥಿಗಳ ಹೆಸರು ವಿಶ್ವವಿದ್ಯಾಲಯಕ್ಕೆ ತಲುಪದಿದ್ದರೆ ಅವರು ಪರೀಕ್ಷೆ ಬರೆಯುವಂತಿರಲಿಲ್ಲ.

ಮೋಡೆಮ್ ಕಿರ್ರೆಂದು ಕೂಗಿ ಸಂಪರ್ಕ ಹಿಡಿಯಿತು. ಅರ್ಧದಷ್ಟು ಹೆಸರು ಹೋಗುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಮತ್ತೆ ಹಿಡಿಯಿತು, ಮತ್ತೆ ಕಡಿದುಹೋಯಿತು.

"ಏನಯ್ಯಾ, ಕೂಗುವುದೊಂದೇ ಬರುತ್ತದೆಯೇ ನಿನಗೆ?" ಎಂದು ರೌಟರ್ ಗದರಿತು.

"ನನ್ನನ್ನು ಬೈಯಬೇಡಿ ಸ್ವಾಮಿ. ಹೊರಗೆ ಕಿವಿ ಕೊಡಿ."

ಅದೇ ತಂತಿಯ ಫೋನನ್ನು ಮತ್ತೆ ಮತ್ತೆ ಎತ್ತಿ ಸೂಪರಿಂಟೆಂಡೆಂಟ್ ಸರ್ವಮಂಗಳಾ ಮೇಡಂ ರಿಪೇರಿಯವರನ್ನು ಕೇಳುತ್ತಿದ್ದರು: "ನೆಟ್‌ವರ್ಕ್ ಬಂತೇನ್ರೀ? ಇನ್ನೂ ಬಂದಿಲ್ವಾ?"

ರೌಟರ್ ದಂಗಾಯಿತು. "ಅಯ್ಯೋ! ಬಂತಾ ಎಂದು ಕೇಳುವವರೇ ಬಂದದ್ದನ್ನು ಓಡಿಸುತ್ತಿದ್ದಾರಲ್ಲ!"

ಕೊನೆಗೆ ಗಂಟಲು ಒಣಗಿ ಮೇಡಂ ನೀರು ಕುಡಿಯಲು ಎದ್ದುಹೋದರು. ಆ ಬಿಡುವಿನಲ್ಲಿ ಹೆಸರುಗಳೆಲ್ಲ ತಲುಪಿದವು.

ಮರಳಿ ಬಂದ ಮೇಡಂ ಕಂಪ್ಯೂಟರ್ ಪರದೆ ನೋಡಿ, ಎದುರಿಗಿದ್ದ ಗುಮಾಸ್ತರಿಗೆ ಹೇಳಿದರು: "ನೋಡಿದ್ರಾ ಪುಟ್ಟಸ್ವಾಮಯ್ಯ, ನಾನು ಬಿಡದೆ ಫೋನ್ ಮಾಡಿದ್ದಕ್ಕೇ ಸರಿಹೋಯ್ತು!"

ರೌಟರ್ ಬೆಕ್ಕಸಬೆರಗಾಗಿ, "ಕೇಳಿಸಿಕೊಂಡೆಯಾ?" ಎಂದಿತು.

"ಕೇಳಿಸಿಕೊಂಡೆ ಸ್ವಾಮಿ," ಎಂದಿತು ಮೋಡೆಮ್. "ಈಗ ಥ್ಯಾಂಕ್ಸ್ ಹೇಳಲು ಮತ್ತೆ ಫೋನ್ ಎತ್ತಿದ್ದಾರೆ."