ಸಣ್ಣೀರಕ್ಕನ ಹೆಜ್ಜೆ

ಕೇಳ್ರಪ್ಪಾ, ಕಾಲ ಯಾವುದೋ, ದೊರೆ ಯಾರೋ, ಹೇಳುವವರಿಲ್ಲ. ಈಚಲುಬನದ ಪಕ್ಕ ಒಂದು ಊರಿತ್ತಂತೆ. ಆ ಊರಲ್ಲಿ ಹೆಂಡ ಮಾರುವ ಸಣ್ಣೀರಕ್ಕ ಇದ್ದಳಂತೆ. ಬೆಳಗ್ಗೆ ಮರದಿಂದ ಇಳಿಸಿದ ಮೊದಲ ಸೋರೆಬುರುಡೆ ಹೆಂಡ ಹುಣಸೆಮರದಡಿಯ ಕಲ್ಲುದೇವತೆ ಹುಣಸಮ್ಮನಿಗೆ, ಆಮೇಲೆ ಊರಿಗೆ. ಕುಡಿಯುವವರಿಗೂ ಅವಳದೇ ಕಟ್ಟಳೆ. ಒಂದು ಬುರುಡೆ ಕುಡಿದವನು ಹುಣಸಮ್ಮನವರೆಗೆ ನೆಟ್ಟಗೆ ನಡೆದು, ಕೈಮುಗಿದು ಬರಬೇಕು. ತೂರಾಡಿದರೆ ಎರಡನೆಯದು ಇಲ್ಲ. ಪಟೇಲನಾದರೂ ಅಷ್ಟೇ, ದನಕಾಯುವವನಾದರೂ ಅಷ್ಟೇ. ಅದಕ್ಕೇ ಊರ ಹೆಂಗಸರಿಗೆ ಅವಳ ಮೇಲೆ ತವರಿನ ಅಕ್ಕನಷ್ಟು ಪ್ರೀತಿ.

ಹೀಗಿರುವಾಗ ಸರ್ಕಾರದ ಹೊಸ ಕಾನೂನು ಬಂತು. ದೇವರಿಂದ ಇನ್ನೂರು ಹೆಜ್ಜೆಯೊಳಗೆ ಹೆಂಡದಂಗಡಿ ಇರಕೂಡದು. ಅಬಕಾರಿ ಸಾಹೇಬರು ಬಂದು ಅಳೆದರೆ ನೂರೇ ಹೆಜ್ಜೆ. ಎಂಟು ದಿನದಲ್ಲಿ ಸರಿಹೋಗದಿದ್ದರೆ ಪರವಾನಗಿ ರದ್ದು ಅಂದರಂತೆ. ಆ ಅಂಗಡಿಯ ಗುಡಿಸಲು ಅವಳ ಗಂಡ ಕೈಯಾರೆ ಕಟ್ಟಿದ್ದು. ಅವನು ಈಚಲುಮರದಿಂದ ಬಿದ್ದು ಸತ್ತ ಮೇಲೆ ಅವಳಿಗೆ ಉಳಿದ ನೆರಳು ಅದೊಂದೇ. ಸಣ್ಣೀರಕ್ಕ ಅನ್ನ ಬಿಟ್ಟು ಕೂತಳು.

ಗಂಡಸರ ಕರುಳು ಚುರುಕ್ಕೆಂದಿತು. ಸರ್ಕಾರ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ಅವರು. ಅಂಗಡಿ ಯಾಕೆ ಸರಿಸಬೇಕು, ದೇವರನ್ನೇ ಸರಿಸೋಣ ಎಂದರು. ನಾಲ್ಕು ಜೋಡಿ ಎತ್ತು ಕಟ್ಟಿ, ಹಗ್ಗ ಬಿಗಿದು ಎಳೆದರಂತೆ. ಎತ್ತು ಮೊಳಕಾಲೂರಿದವು, ಹಗ್ಗ ಹರಿಯಿತು, ಅಮ್ಮ ಕದಲಲಿಲ್ಲ ಅಂತಾರೆ. ಅದು ನಿಜವೋ ಸುಳ್ಳೋ, ಸಣ್ಣೀರಕ್ಕ ಓಡಿಬಂದು ಕಲ್ಲನ್ನು ತಬ್ಬಿಕೊಂಡು ಅತ್ತದ್ದಂತೂ ನಿಜ.

“ನನ್ನ ಹೊಟ್ಟೆಪಾಡಿಗೆ ಅಮ್ಮನ್ನ ಯಾಕ್ರೋ ನಡೆಸ್ತೀರಾ? ನಡೆಯೋಕೆ ನಂಗೆ ಕಾಲಿಲ್ವಾ?” ಅಂದಳಂತೆ.

ಮಾರನೆಯ ದಿನ ತಾನೇ ಗುಡಿಸಲು ಬಿಚ್ಚಿ, ಗಳ, ಗರಿ ಹೊತ್ತು, ಅಮ್ಮನಿಂದ ಇನ್ನೂರು ಹೆಜ್ಜೆ ಆಚೆ ಕಟ್ಟಿದಳು. ಎರಡು ವರ್ಷಕ್ಕೆ ಕಾನೂನು ನಾನೂರು ಹೆಜ್ಜೆ ಎಂದಿತು, ಮತ್ತೆ ಬಿಚ್ಚಿದಳು. ಆಮೇಲೆ ಎಂಟುನೂರು. ಗುಡಿಸಲು ಊರ ಗಡಿಕಲ್ಲಿನ ಪಕ್ಕಕ್ಕೆ ಬಂತು. ಕುಡಿದವರು ಅಮ್ಮನವರೆಗೆ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಅಮಲು ಇಳಿದು, ಎರಡನೆಯ ಬುರುಡೆ ಕೇಳುವವರೇ ಕಡಿಮೆಯಾದರು. ವ್ಯಾಪಾರ ಬಿದ್ದರೂ ಅವಳು ಕಟ್ಟಳೆ ಸಡಿಲಿಸಲಿಲ್ಲ. ಅಮ್ಮನ ಬುರುಡೆಯನ್ನು ದಿನವೂ ಹೊತ್ತು ನಡೆಯುವುದನ್ನೂ ಬಿಡಲಿಲ್ಲ.

ಕೊನೆಗೆ, ಸಣ್ಣ ಊರಿಗೆ ಹೆಂಡದಂಗಡಿಯೇ ಬೇಡ, ಪೇಟೆಯಲ್ಲಿದ್ದರೆ ಸಾಕು ಎಂಬ ಕಾನೂನು ಬಂತು. ಪರವಾನಗಿ ಕಾಗದ ಒಪ್ಪಿಸಿದ ದಿನ, ಅಷ್ಟರಲ್ಲಿ ಮುದುಕಿಯಾಗಿದ್ದ ಸಣ್ಣೀರಕ್ಕ ಕಡೆಯ ಬುರುಡೆಯನ್ನು ತಲೆ ಮೇಲಿಟ್ಟುಕೊಂಡು ಎಂಟುನೂರು ಹೆಜ್ಜೆ ನಡೆದಳಂತೆ. ಒಂದು ಹನಿ ಚೆಲ್ಲಲಿಲ್ಲವಂತೆ. ಇಡೀ ಊರು ಹಿಂದೆ ನಡೆಯಿತಂತೆ.

ಈಗಲೂ ಆ ಊರವರು ಪೇಟೆಯಲ್ಲಿ ಕುಡಿದರೆ ಗಡಿಕಲ್ಲಿನ ಹತ್ತಿರವೇ ಬಸ್ಸಿಳಿಯುತ್ತಾರೆ. ಅಲ್ಲಿಂದ ಹುಣಸಮ್ಮನವರೆಗೆ ನೆಟ್ಟಗೆ ನಡೆದು, ಕೈಮುಗಿದು, ಆಮೇಲೆ ಮನೆಗೆ. ತೂರಾಡಿದವನು ತಿರುಗಿ ಗಡಿಕಲ್ಲಿಗೆ ಹೋಗಬೇಕು. ಬಾಗಿಲಲ್ಲಿ ನಿಂತ ಹೆಂಡತಿ ಬೈಯುವುದಿಲ್ಲ, ಒಂದೇ ಮಾತು ಕೇಳುತ್ತಾಳೆ: “ಅಕ್ಕನ ಹೆಜ್ಜೆ ನಡೆದು ಬಂದ್ಯಾ?”